ಸ್ಟುಡಿಯೊದೊಳಗಿನ ಸೈರನ್

2025ರ ಮೇ 8ರ ರಾತ್ರಿ ಕನ್ನಡ ಸುದ್ದಿವಾಹಿನಿಗಳು ಮಾಡಿದ ಪ್ರಸಾರವನ್ನು ದೊಡ್ಡ ಸಾಧನೆ ಎಂದು ಹೊಗಳುವವರು ಇನ್ನೂ ಇದ್ದಾರೆ. ನಿದ್ದೆಗೆಟ್ಟು ದುಡಿದರು, ಗಡಿಯ ಸುದ್ದಿಯನ್ನು ಹಳ್ಳಿಹಳ್ಳಿಗೆ ಮುಟ್ಟಿಸಿದರು, ಜನರನ್ನು ಒಗ್ಗೂಡಿಸಿದರು ಎಂಬ ಮಾತು ಗೋಷ್ಠಿಗಳಲ್ಲಿ ಆಗಾಗ ಕೇಳುತ್ತದೆ. ದುಡಿದದ್ದು ನಿಜ. ಉಳಿದೆರಡು ಮಾತುಗಳನ್ನು ನಾನು ಒಪ್ಪಲಾರೆ. ಸುದ್ದಿಯೇ ಇಲ್ಲದ ಕಡೆ ಮುಟ್ಟಿಸುವುದೇನನ್ನು?

ಪಹಲ್ಗಾಮ್ ಹತ್ಯಾಕಾಂಡದಿಂದ ಮೇ 10ರ ಸಂಜೆ ಭಾರತ-ಪಾಕಿಸ್ತಾನಗಳ ನಡುವಿನ ದಾಳಿಗಳು ನಿಲ್ಲುವವರೆಗಿನ ಕಥೆ ಓದುಗರಿಗೆ ಗೊತ್ತಿರುವಂಥದ್ದೇ. ಸೇನೆಯ ಕಾರ್ಯಾಚರಣೆಯನ್ನು ಅಳೆಯುವುದು ಈ ಬರಹದ ಕೆಲಸವೂ ಅಲ್ಲ. ನನ್ನ ತಕರಾರು ಇರುವುದು ಮುಖ್ಯವಾಗಿ ಒಂದು ತಂತ್ರದ ಮೇಲೆ: ಸೈರನ್.

ಆ ರಾತ್ರಿ ಪರದೆಯ ಮೇಲೆ ಇದ್ದುದನ್ನು ನೆನಪಿಸಿಕೊಳ್ಳಿ. ಕಪ್ಪು ಆಕಾಶ, ಅದರಲ್ಲಿ ಮೇಲೇರುವ ಕೆಂಪು ಚುಕ್ಕೆಗಳ ಸಾಲು. ಕೆಲವೇ ಸೆಕೆಂಡುಗಳ ತುಣುಕು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ. ಯಾವ ಊರು, ಎಷ್ಟು ಗಂಟೆ, ತೆಗೆದವರು ಯಾರು ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ. ಆ ಕೊರತೆ ಕಣ್ಣಿಗೆ ಬೀಳದಂತೆ ನೋಡಿಕೊಂಡದ್ದು ಹಿನ್ನೆಲೆಯಲ್ಲಿ ಏರಿಳಿಯುತ್ತಿದ್ದ ಸೈರನ್. ಅದನ್ನು ಮೀರಿ ಕೇಳಿಸಬೇಕೆಂದರೆ ನಿರೂಪಕರು ಕೂಗಲೇಬೇಕು. ಕೂಗಿದರೆ ವಾಕ್ಯ ತುಂಡಾಗುತ್ತದೆ. ಹಾಗೆ ತುಂಡಾದ ವಾಕ್ಯದಲ್ಲಿ ಮೊದಲು ಉದುರುವುದು 'ಹೀಗೆಂದು ಇಂಥವರು ತಿಳಿಸಿದ್ದಾರೆ' ಎಂಬ ಭಾಗ. 'ಧ್ವಂಸ', 'ಛಿದ್ರ', 'ಉಡೀಸ್' ಇಷ್ಟೇ ಉಳಿಯುತ್ತದೆ. ಕರಾಚಿ ಬಂದರು ನಾಶವಾಯಿತೆಂಬ ಸುದ್ದಿ ದೇಶದ ಪರದೆಗಳ ಮೇಲೆಲ್ಲ ಓಡಿದ್ದು ಈ ಗದ್ದಲದಲ್ಲೇ. ಮೂರು ದಿನ ಕಳೆದು, ಮೇ 11ರಂದು, ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಪತ್ರಕರ್ತರ ಮುಂದೆ ಬಂದರು. ಕರಾಚಿಯೂ ಸೇರಿದಂತೆ ಆಯ್ದ ಗುರಿಗಳ ಮೇಲೆ ಎರಗಲು ನೌಕಾಪಡೆ ಸಂಪೂರ್ಣ ಸಜ್ಜಾಗಿತ್ತು ಎಂದರು. ಸಜ್ಜಾಗಿತ್ತು ಎಂದರೆ ಹೊಡೆದಿರಲಿಲ್ಲ.

ಸೈರನ್ನಿನ ಕೇಡು ಇಷ್ಟಕ್ಕೇ ಮುಗಿಯಲಿಲ್ಲ. ಜಮ್ಮುವಿನಲ್ಲಿ ಆ ಸದ್ದು ಒಂದು ಅಪ್ಪಣೆ: ದೀಪ ಆರಿಸಿ, ಒಳಗೆ ಹೋಗಿ. ಅಲ್ಲಿಂದ ಸುಮಾರು 1,700 ಕಿ.ಮೀ. ದೂರದ ವಿಜಯಪುರದ ಮನೆಯಲ್ಲಿ ಅದನ್ನು ಕೇಳಿದವರು ಮಾಡಬೇಕಾದದ್ದು ಏನೂ ಇರಲಿಲ್ಲ, ಚಾನೆಲ್ ಬದಲಿಸದೆ ಕೂರುವುದೊಂದನ್ನು ಬಿಟ್ಟು. ಮಕ್ಕಳು ಹೆದರಿದರು, ಮುದುಕರು ಬಾಗಿಲು ಹಾಕಿಸಿದರು. ಜೀವ ಉಳಿಸಲೆಂದು ಇರುವ ಸದ್ದನ್ನು ನೋಡುಗರನ್ನು ಕಟ್ಟಿಹಾಕಲು ಬಳಸಿದ್ದು ಅಪರಾಧಕ್ಕೆ ಸಮ ಎಂದೇ ನನ್ನ ಅಭಿಪ್ರಾಯ. ಕೇಂದ್ರ ಗೃಹ ಸಚಿವಾಲಯದ ನಾಗರಿಕ ರಕ್ಷಣಾ ವಿಭಾಗ ಮೇ 10ರಂದು, 1968ರ ನಾಗರಿಕ ರಕ್ಷಣಾ ಕಾಯ್ದೆಯನ್ನು ಉಲ್ಲೇಖಿಸಿ, ಜನಜಾಗೃತಿಗೆ ಬಿಟ್ಟು ಬೇರೆ ಕಾರ್ಯಕ್ರಮಗಳಲ್ಲಿ ಈ ಸದ್ದು ಹಾಕಬೇಡಿ ಎಂದು ವಾಹಿನಿಗಳಿಗೆ ತಿಳಿಸಬೇಕಾಯಿತು. ಕೇಳಿ ಕೇಳಿ ಕಿವಿ ಒಗ್ಗಿಹೋದರೆ, ನಿಜವಾದ ದಾಳಿಯ ದಿನವೂ ಜನ ಇದು ಟಿವಿಯದ್ದೇ ಇರಬೇಕೆಂದು ಸುಮ್ಮನಿದ್ದಾರು ಎಂಬುದು ಕೊಟ್ಟ ಕಾರಣ.

ಬೆಂಗಳೂರಿನ ಕೆಲವು ಮಾಧ್ಯಮ ವಿಮರ್ಶಕರ ಜೊತೆಗೂ ನನಗೆ ಜಗಳವಿದೆ. ಗ್ರಾಮೀಣ ಪ್ರೇಕ್ಷಕ ಬಯಸುವುದೇ ಅಬ್ಬರ, ವಾಹಿನಿಗಳು ಅವನ ರುಚಿಗೆ ತಕ್ಕಂತೆ ಬಡಿಸುತ್ತವೆ ಎಂದು ಇವರು ಬರೆಯುತ್ತಾರೆ. ಯಾವ ಊರಲ್ಲಿ ಕೂತು ನೋಡಿದರು? ಆ ರಾತ್ರಿ ನಮ್ಮ ವಿಜಯಪುರ ಜಿಲ್ಲೆಯ ತಿಕೋಟಾದ ಒಂದು ಚಾದಂಗಡಿಯಲ್ಲಿ ನಾನೂ ಟಿವಿ ಮುಂದಿದ್ದೆ. ಬೆಂಚಿನ ತುದಿಯಲ್ಲಿದ್ದ ಹಿರಿಯರೊಬ್ಬರ ಮಗನಿಗೆ ರಾಜಸ್ಥಾನದ ಗಡಿಯಲ್ಲಿ ನೌಕರಿ. ಅವರು ಅಂಗಡಿಯ ಹುಡುಗನಿಗೆ ಹೇಳಿದ್ದು: "ಆವಾಜ್ ಬಂದ್ ಮಾಡೋ ತಮ್ಮಾ, ಕೆಳಗಿನ ಅಕ್ಷರ ಅಷ್ಟ ಓದ್ತೀನಿ." ಜೈಸಲ್ಮೇರ್ ಎಂಬ ಹೆಸರು ಬಂದಾಗಲೆಲ್ಲ ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗುತ್ತಿದ್ದರು. ಅಲ್ಲಿ ಏನಾಯಿತೆಂದು ಆ ಸುದ್ದಿಪಟ್ಟಿ ಹೇಳದೆ ಮುಂದೆ ಓಡುತ್ತಿತ್ತು. ಕೊನೆಗೆ ಮೊಬೈಲ್ ಹಿಡಿದು ಹೊರಗೆ ಹೋದರು. ಇಂಥವರು ಇವರೊಬ್ಬರೇ ಅಲ್ಲ. ವಿಜಯಪುರದಲ್ಲಿ ಸೈನಿಕ ಶಾಲೆ 1963ರಿಂದ ಇದೆ. ಬಬಲೇಶ್ವರದ ಕಡೆಯ ಹಳ್ಳಿಗಳಲ್ಲೂ ಮಗನನ್ನು ಸೇನೆಗೆ ಕಳಿಸಿದ ಮನೆಗಳಿವೆ. ಇಂಥವರಿಗೆ ಬೇಕಾದದ್ದು ಊರಿನ ಹೆಸರು, ಹೊತ್ತು, ಖಚಿತವಾದ ಒಂದು ಮಾತು. ಅಬ್ಬರವನ್ನು ಇವರ ತಲೆಗೆ ಕಟ್ಟುವುದು ಅನ್ಯಾಯ.

ತಪ್ಪೆಲ್ಲ ಹಿಂದಿ, ಇಂಗ್ಲಿಷ್ ವಾಹಿನಿಗಳದು, ನಮ್ಮವರು ಅನುವಾದಿಸಿದರಷ್ಟೇ ಎಂಬುದು ಇನ್ನೊಂದು ಸಮರ್ಥನೆ. ಅನುವಾದಿಸುವವನಿಗೆ ಪರೀಕ್ಷಿಸಲು ಒಂದು ಅವಕಾಶ ಹೆಚ್ಚೇ ಸಿಗುತ್ತದೆ. ಹತ್ತಿರದ್ದೇ ಒಂದು ಸಂಗತಿ ನೋಡಿ: ಆ ದಿನಗಳ ಪತ್ರಿಕಾಗೋಷ್ಠಿಗಳಲ್ಲಿ ಸೇನೆಯ ಪರವಾಗಿ ಮಾಹಿತಿ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಅವರ ಪತಿಯ ಊರು ಪಕ್ಕದ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕೊಣ್ಣೂರು. ಅಲ್ಲಿನ ಮನೆಯ ಮೇಲೆ ದಾಳಿಯಾಯಿತೆಂಬ ಗಾಳಿಸುದ್ದಿ ಮೇ ತಿಂಗಳ ಮಧ್ಯದಲ್ಲಿ ಹಬ್ಬಿತು. ಅದು ಸುಳ್ಳೆಂದು ಬೆಳಗಾವಿ ಪೊಲೀಸರು ಸ್ಪಷ್ಟಪಡಿಸಿದರು. ಒಂದು ಫೋನ್ ಕರೆಯಿಂದ ತಿಳಿಯುವ ಸಂಗತಿಗಳೂ ಇರುತ್ತವೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ವಾಹಿನಿಗಳು ಮಾಡಿದ ಒಳ್ಳೆಯ ಕೆಲಸ, ಅಧಿಕೃತ ಪತ್ರಿಕಾಗೋಷ್ಠಿಗಳನ್ನು ನೇರವಾಗಿ ತೋರಿಸಿದ್ದು. ವಿಮರ್ಶಕರು ಗಮನಿಸದೆ ಬಿಟ್ಟದ್ದೂ ಅವನ್ನೇ. ಮೇ 7ರ ಬೆಳಿಗ್ಗೆ ಖುರೇಷಿ ಮತ್ತು ವಿಂಗ್ ಕಮಾಂಡರ್ ವ್ಯೋಮಿಕಾ ಸಿಂಗ್ ಭಾರತ ದಾಳಿ ಮಾಡಿದ ಒಂಬತ್ತು ಉಗ್ರರ ನೆಲೆಗಳ ಮಾಹಿತಿ ಕೊಟ್ಟರು, ದಾಳಿ ನಡೆದದ್ದು ರಾತ್ರಿ 1.05ರಿಂದ 1.30ರ ನಡುವೆ ಎಂದರು. ಮೇ 9ರಂದು, ಹಿಂದಿನ ರಾತ್ರಿ ಪಾಕಿಸ್ತಾನದಿಂದ 36 ಕಡೆ ಸುಮಾರು 300ರಿಂದ 400 ಡ್ರೋನ್‌ಗಳು ನುಗ್ಗಲು ಯತ್ನಿಸಿದವು, ಅವಶೇಷಗಳ ಪರೀಕ್ಷೆ ನಡೆದಿದೆ, ಆರಂಭಿಕ ವರದಿಯಂತೆ ಅವು ಟರ್ಕಿಯ ಸೋಂಗರ್ ಡ್ರೋನ್‌ಗಳು ಎಂಬ ವಿವರ ಬಂತು. ಇದು ಒಂದು ಕಡೆಯವರ ಮಾತು, ಪ್ರಶ್ನಿಸಬಹುದು. ಆದರೆ ಪ್ರಶ್ನಿಸಲು ಹಿಡಿಯಾದರೂ ಇದೆ. 'ಆರಂಭಿಕ ವರದಿ' ಎಂಬ ಎಚ್ಚರ ಸಮವಸ್ತ್ರ ತೊಟ್ಟವರಲ್ಲಿ ಇತ್ತು, ಮೈಕು ಹಿಡಿದವರಲ್ಲಿ ಇರಲಿಲ್ಲ.

ನಮ್ಮ ಜಿಲ್ಲೆಗೆ ನೇರ ತಟ್ಟುವ ಸುದ್ದಿಯೊಂದೂ ಆ ದಿನಗಳಲ್ಲಿ ಇತ್ತು. ಅಟ್ಟಾರಿಯ ಗಡಿ ಮುಚ್ಚಿತ್ತು. ಪಾಕಿಸ್ತಾನದ ಸರಕಿನ ಆಮದನ್ನು ಕೇಂದ್ರ ಮೇ 2ರಂದು ನಿಷೇಧಿಸಿತ್ತು. ಅಫ್ಘಾನಿಸ್ತಾನದ ಒಣದ್ರಾಕ್ಷಿ ಭಾರತಕ್ಕೆ ಬರುತ್ತಿದ್ದುದು ಅದೇ ದಾರಿಯಲ್ಲಿ. ತಿಕೋಟಾ, ಬಬಲೇಶ್ವರದ ಬೆಳೆಗಾರರು ಒಣದ್ರಾಕ್ಷಿ ಮಾಡಿ ಬದುಕುವವರು. ಆ ಸರಕು ನಿಂತರೆ ಬೆಲೆ ಏರೀತೇ, ಈಗಲೇ ಮಾರಬೇಕೋ ಕೋಲ್ಡ್ ಸ್ಟೋರೇಜ್‌ನಲ್ಲೇ ಇಡಬೇಕೋ ಎಂಬುದು ಆಗ ಅವರ ಪ್ರಶ್ನೆಯಾಗಿತ್ತು. ನಾನು ನೋಡಿದ ಯಾವ ಚರ್ಚೆಯಲ್ಲೂ ಅದಕ್ಕೆ ಐದು ನಿಮಿಷ ಸಿಗಲಿಲ್ಲ.

ಕರಾಚಿ ಬಂದರು ನಾಶವಾಯಿತೆಂದು ಆ ರಾತ್ರಿ ತೋರಿಸಿದ ವಾಹಿನಿಗಳು, ತಾವು ಹೇಳಿದ್ದೇನು, ಯಾವ ದಿನ ಹೇಳಿದ್ದು ಎಂಬುದರ ಸಮೇತ, ರಾತ್ರಿ ಒಂಬತ್ತರ ಹೊತ್ತಿಗೆ ತಿದ್ದುಪಡಿ ಪ್ರಸಾರ ಮಾಡಬೇಕು. ಅಲ್ಲಿಯವರೆಗೆ ಆ ಪ್ರಸಾರವನ್ನು ಯಾವ ಗೋಷ್ಠಿಯಲ್ಲೂ ಯಾರೂ ಹೊಗಳಬಾರದು.