ಮೊಗವಾಡದ ಕವಿಯೂ ಬರೆದ ಚಿತ್ರವೂ: ‘ಆಲ್ ಕ್ಯಾಪ್ಸ್’ ಕೃತಿಯ ವಿಚಾರ

ಕವಿಯೊಬ್ಬನು ಇನ್ನೊಬ್ಬನ ಮಾತನ್ನಾಗಲಿ ಭಾವವನ್ನಾಗಲಿ ತೆಗೆದುಕೊಂಡು ಕಾವ್ಯವನ್ನು ಕಟ್ಟಿದರೆ ಅದನ್ನು ಕಳವೆನ್ನಬೇಕೆ, ಸೃಷ್ಟಿಯೆನ್ನಬೇಕೆ ಎಂಬ ಪ್ರಶ್ನೆ ಭಾರತೀಯ ಆಲಂಕಾರಿಕರಿಗೆ ಹೊಸದಲ್ಲ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಹರಣದ ಬಗೆಗಳನ್ನು ಎಣಿಸುವುದಕ್ಕಾಗಿ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಅವನಿಗಿಂತ ಹಿಂದಿನವನಾದ ಆನಂದವರ್ಧನನು ‘ಧ್ವನ್ಯಾಲೋಕ’ದ ನಾಲ್ಕನೆಯ ಉದ್ದ್ಯೋತದಲ್ಲಿ ಕಾವ್ಯಗಳೊಳಗಣ ಹೋಲಿಕೆಯನ್ನು ‘ಸಂವಾದ’ವೆಂದು ಕರೆದು, ಅದು ಕನ್ನಡಿಯ ಪ್ರತಿಬಿಂಬದಂತೆ, ಬರೆದ ಚಿತ್ರದಂತೆ, ಒಂದನ್ನೊಂದು ಹೋಲುವ ಎರಡು ದೇಹಗಳಂತೆ ಮೂರು ತೆರನಾಗಿರುವುದೆಂದು ವಿಭಾಗಿಸಿ, ಮೊದಲಿನೆರಡನ್ನು ತ್ಯಾಜ್ಯವೆಂದೂ ಮೂರನೆಯದನ್ನು ಗ್ರಾಹ್ಯವೆಂದೂ ನಿರ್ಣಯಿಸಿದನು. ಆತ್ಮವು ತನ್ನದೇ ಆಗಿದ್ದ ಪಕ್ಷದಲ್ಲಿ ಅವಯವಗಳ ಹೋಲಿಕೆ ದೋಷವಲ್ಲವೆಂಬುದು ಅವನ ಅಭಿಪ್ರಾಯ. ಈ ವಿವೇಚನೆಯನ್ನು ಅಮೆರಿಕದ ‘ಹಿಪ್‌ಹಾಪ್’ ಎಂಬ ಕಲೆಗೆ ಹಚ್ಚಿ ನೋಡಿದರೆ ಫಲವಿದೆ. ಏಕೆಂದರೆ ಆ ಕಲೆಯ ವಾದ್ಯಭಾಗವು ಬಹುಮಟ್ಟಿಗೆ ಪರರ ಧ್ವನಿಮುದ್ರಿಕೆಗಳಿಂದ ಕತ್ತರಿಸಿ ತೆಗೆದ ತುಣುಕುಗಳಿಂದಲೇ ಆದುದು. ಅದರ ಮೇಲೆ ನುಡಿಯುವ ಪದ್ಯಕ್ಕೆ ‘ರ್‍ಯಾಪ್’ ಎಂದು ಹೆಸರು. ಗಮಕದಲ್ಲಿ ರಾಗವು ಪದ್ಯವನ್ನು ಹೊತ್ತು ನಡೆಯುತ್ತದೆ. ರ್‍ಯಾಪಿನಲ್ಲಿ ರಾಗವನ್ನು ಕೈಬಿಟ್ಟು ತಾಳವೊಂದನ್ನೇ ಹಿಡಿದು ಮಾತನ್ನು ನಡೆಸುತ್ತಾರೆ.

ಕ್ರಿ. ಶ. ೨೦೦೪ನೆಯ ಮಾರ್ಚಿ ೨೩ನೆಯ ತಾರೀಖು ‘ಮ್ಯಾಡ್‌ವಿಲನಿ’ ಎಂಬ ಗೀತಸಂಪುಟವು ಕ್ಯಾಲಿಫೋರ್ನಿಯದ ‘ಸ್ಟೋನ್ಸ್ ಥ್ರೋ’ ಎಂಬ ಚಿಕ್ಕ ಸಂಸ್ಥೆಯಿಂದ ಪ್ರಕಟವಾಯಿತು. ಎಂ. ಎಫ್. ಡೂಮ್ ಎಂಬ ಕವಿಯೂ ಮ್ಯಾಡ್‌ಲಿಬ್ ಎಂಬ ಸಂಗೀತಸಂಯೋಜಕನೂ ‘ಮ್ಯಾಡ್‌ವಿಲನ್’ ಎಂಬ ಜಂಟಿ ಹೆಸರಿನಲ್ಲಿ ಮಾಡಿದ ಕೃತಿ ಇದು. ಇದರಲ್ಲಿರುವ ೨೨ ಖಂಡಗಳು ಒಟ್ಟಿಗೆ ೪೬ ನಿಮಿಷಗಳ ಅವಧಿಯವು. ಇವುಗಳಲ್ಲೊಂದಾದ, ಎರಡು ನಿಮಿಷಗಳಿಗಿಂತ ಸ್ವಲ್ಪವೇ ಹೆಚ್ಚಿನದಾದ ‘ಆಲ್ ಕ್ಯಾಪ್ಸ್’ ಎಂಬ ಹಾಡಿಗೆ ಜೇಮ್ಸ್ ರೈಟಾನೋ ಎಂಬ ಚಿತ್ರಕಾರನು ಚಲಿಸುವ ಚಿತ್ರಾವಳಿಯೊಂದನ್ನು ರಚಿಸಿದನು. ಹಾಡಿನ ವಾದ್ಯಭಾಗವು ಪರರ ಸಂಗೀತದಿಂದ ಬಂದುದು. ಚಿತ್ರಾವಳಿಯ ಶೈಲಿಯು ೧೯೬೦ರ ದಶಕದ ಮಾರ್ವೆಲ್ ಕಾಮಿಕ್ಸ್ ಪುಸ್ತಕಗಳಿಂದ ಬಂದುದು. ಕವಿಯ ಹೆಸರೂ ಮೊಗವಾಡವೂ ಅದೇ ಪುಸ್ತಕಗಳ ಖಳನಿಂದ ಬಂದುವು. ಇಷ್ಟೆಲ್ಲ ಎರವಲಾಗಿರುವಲ್ಲಿ ಸ್ವಂತದ್ದು ಯಾವುದು ಎಂಬುದೇ ಇಲ್ಲಿಯ ಪ್ರಶ್ನೆ.

ಕವಿಯ ಪೂರ್ವಕಥೆಯನ್ನು ತಿಳಿಯದೆ ಇದಕ್ಕೆ ಉತ್ತರ ಹೇಳುವುದು ಸಾಧ್ಯವಿಲ್ಲ. ಡೂಮನ ನಿಜನಾಮಧೇಯ ಡೇನಿಯಲ್ ಡುಮಿಲೆ. ಅವನು ೧೯೭೧ರಲ್ಲಿ ಲಂಡನ್ನಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಬೆಳೆದನು. ತಮ್ಮನಾದ ಸಬ್‌ರಾಕನೊಡನೆ ಸೇರಿ ‘ಕೆ. ಎಂ. ಡಿ.’ ಎಂಬ ಮೇಳವನ್ನು ಕಟ್ಟಿ ೧೯೯೧ರಲ್ಲಿ ‘ಮಿಸ್ಟರ್ ಹುಡ್’ ಎಂಬ ಸಂಪುಟವನ್ನು ಹೊರತಂದನು. ಆಗ ಅವನಿಗೆ ಮೊಗವಾಡವಿರಲಿಲ್ಲ. ಎರಡನೆಯ ಸಂಪುಟವು ಮುಗಿಯುವ ಹಂತದಲ್ಲಿದ್ದಾಗ, ೧೯೯೩ರಲ್ಲಿ, ಸಬ್‌ರಾಕನು ಮೋಟಾರಿಗೆ ಸಿಕ್ಕಿ ಮೃತನಾದನು. ಅಣ್ಣನು ಒಬ್ಬನೇ ಆ ಕೆಲಸವನ್ನು ಪೂರೈಸಿ ‘ಬ್ಲ್ಯಾಕ್ ಬಾಸ್ಟರ್ಡ್ಸ್’ ಎಂದು ಹೆಸರಿಟ್ಟು ಅದರ ಮುಖಪುಟದ ಚಿತ್ರವನ್ನೂ ತಾನೇ ಬರೆದನು. ಕರಿಯರನ್ನು ಹೀಯಾಳಿಸಲು ಬಿಳಿಯರು ಕಲ್ಪಿಸಿದ್ದ ‘ಸಾಂಬೊ’ ಎಂಬ ವಿಕಟರೂಪವನ್ನು, ಮಕ್ಕಳು ಅಕ್ಷರಗಳನ್ನು ಊಹಿಸಿ ಆಡುವ ನೇಣುಗಂಬದ ಆಟದಲ್ಲಿರುವಂತೆ, ನೇಣಿಗೆ ಹಾಕಿದ ಚಿತ್ರ ಅದು. ಹೀಯಾಳಿಕೆಯನ್ನೇ ಗಲ್ಲಿಗೇರಿಸುವುದು ಅದರ ಧ್ವನಿ. ಆದರೆ ವಾಚ್ಯಾರ್ಥವನ್ನು ಮಾತ್ರ ಕಂಡವರು ಕೂಗೆಬ್ಬಿಸಲು, ಪ್ರಕಾಶಕರಾದ ಇಲೆಕ್ಟ್ರಾ ಸಂಸ್ಥೆಯವರು ೧೯೯೪ರಲ್ಲಿ ಸಂಪುಟವನ್ನು ಬಿಡುಗಡೆಮಾಡದೆ ಮೇಳವನ್ನೂ ಕೈಬಿಟ್ಟರು. ತಮ್ಮನನ್ನು ಕಳೆದುಕೊಂಡ ಮರುವರ್ಷವೇ ಅವನ ಕಡೆಯ ಕೃತಿಯೂ ಕವಿಯ ಕೈತಪ್ಪಿತು. ತಪ್ಪಿಸಿದುದು ಅವನೇ ಬರೆದ ಒಂದು ಚಿತ್ರ.

ಮುಂದಿನ ಕೆಲವು ವರ್ಷಗಳನ್ನು ಅವನು ಮ್ಯಾನ್‌ಹಟನ್ನಿನ ಬೀದಿಗಳಲ್ಲಿ ನೆಲೆಯಿಲ್ಲದವನಂತೆ ಕಳೆದನು. ೧೯೯೭ರ ಸುಮಾರಿಗೆ ನ್ಯೂಯಾರಿಕನ್ ಪೊಯೆಟ್ಸ್ ಕೆಫೆ ಎಂಬ ಕವಿಗೋಷ್ಠಿಯ ಸ್ಥಳದಲ್ಲಿ ಹೆಂಗಸರ ಕಾಲುಚೀಲವೊಂದನ್ನು ಮುಖದ ಮೇಲೆ ಎಳೆದುಕೊಂಡು ಮತ್ತೆ ಕಾಣಿಸಿಕೊಂಡನು. ಕಾಲುಚೀಲದ ಸ್ಥಾನಕ್ಕೆ ಬಹುಬೇಗ ಲೋಹದ ಮೊಗವಾಡ ಬಂದಿತು. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಇವರು ೧೯೬೨ರಲ್ಲಿ ‘ಫೆಂಟಾಸ್ಟಿಕ್ ಫೋರ್’ ಎಂಬ ಕಾಮಿಕ್ಸಿನಲ್ಲಿ ಸೃಷ್ಟಿಸಿದ ಡಾಕ್ಟರ್ ಡೂಮ್ ಎಂಬ ಖಳನು ಗಾಯಗೊಂಡ ಮುಖವನ್ನು ಕಬ್ಬಿಣದಿಂದ ಮುಚ್ಚಿಕೊಂಡವನು. ಆ ಖಳನ ಹೆಸರನ್ನೂ ವೇಷವನ್ನೂ ಧರಿಸಿ ಡುಮಿಲೆಯು ೧೯೯೯ರಲ್ಲಿ ‘ಆಪರೇಷನ್: ಡೂಮ್ಸ್‌ಡೇ’ ಎಂಬ ಸಂಪುಟವನ್ನು ಪ್ರಕಟಿಸಿದನು. ಗಾಯಕನ ಮುಖವೇ ಮಾರಾಟದ ಸರಕಾಗಿರುವ ವ್ಯವಹಾರದಲ್ಲಿ ಮುಖವನ್ನು ಮರೆಸಿ, ಕೇಳುವವರ ಗಮನವನ್ನು ಮಾತಿನ ಕಡೆಗೆ ತಿರುಗಿಸುವುದು ತನ್ನ ಉದ್ದೇಶವೆಂದು ಅವನು ಹಲವು ಸಲ ಹೇಳಿದ್ದುಂಟು. ಬಯಲಾಟದ ಪಾತ್ರಧಾರಿಯು ಬಣ್ಣ ಹಚ್ಚಿಕೊಂಡೊಡನೆ ಊರಿನವನಾಗಿ ಉಳಿಯದೆ ಪಾತ್ರವೇ ಆಗುವ ಪರಿಯನ್ನು ಬಲ್ಲ ಕನ್ನಡಿಗರಿಗೆ ಈ ಮಾತು ವಿಚಿತ್ರವೆಂದು ತೋರಲಾರದು.

ಮ್ಯಾಡ್‌ಲಿಬನು ಇದಕ್ಕೆ ತೀರ ಬೇರೆಯ ಪ್ರಕೃತಿಯವನು. ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡಿನವನು, ನಿಜನಾಮಧೇಯ ಓಟಿಸ್ ಜ್ಯಾಕ್ಸನ್, ಮಿತಭಾಷಿ, ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ಕೊಳ್ಳುವುದರಲ್ಲಿಯೇ ಆಯುಷ್ಯವನ್ನು ಸವೆಸುವವನು. ತಾನು ಕೂಡಿ ಕೆಲಸಮಾಡಲು ಬಯಸುವ ಇಬ್ಬರೆಂದು ಅವನು ಒಮ್ಮೆ ಡೂಮನನ್ನೂ ಡೆಟ್ರಾಯ್ಟಿನ ಜೆ ಡಿಲ್ಲಾನನ್ನೂ ಹೆಸರಿಸಿದ್ದನು. ಸ್ಟೋನ್ಸ್ ಥ್ರೋ ಸಂಸ್ಥೆಯವರು ಡೂಮನನ್ನು ಪತ್ತೆಮಾಡಿ ಲಾಸ್ ಏಂಜಲೀಸಿಗೆ ಬರಮಾಡಿಕೊಂಡರು. ಕರಾರಿನ ನಿಬಂಧನೆಗಳನ್ನು ಊಟದ ಕಾಗದದ ತಟ್ಟೆಯೊಂದರ ಮೇಲೆ ಬರೆದು ರುಜು ಹಾಕಿದರೆಂದು ಸಂಸ್ಥೆಯವರೇ ಹೇಳಿಕೊಂಡಿದ್ದಾರೆ. ಮೌಂಟ್ ವಾಷಿಂಗ್ಟನ್ ಗುಡ್ಡದ ಮೇಲೆ ಸಂಸ್ಥೆಯವರು ವಾಸವಾಗಿದ್ದ ಮನೆಯಲ್ಲಿ ಹಿಂದಿನ ಯುದ್ಧಭೀತಿಯ ಕಾಲದಲ್ಲಿ ಕಟ್ಟಿದ್ದ ಬಾಂಬು ನಿರೋಧಕ ಕೊಠಡಿಯೊಂದಿತ್ತು. ಮ್ಯಾಡ್‌ಲಿಬನು ಅದನ್ನೇ ಕಾರ್ಯಾಗಾರ ಮಾಡಿಕೊಂಡಿದ್ದನು. ದೊಡ್ಡ ಸಂಸ್ಥೆಗಳ ಹಂಗಿಗೆ ಸಿಲುಕದ ಈ ಬಗೆಯ ಹಿಪ್‌ಹಾಪಿಗೆ ‘ಅಂಡರ್‌ಗ್ರೌಂಡ್’ ಎಂಬ ಹೆಸರು ರೂಢವಾಗಿದೆ. ಇಲ್ಲಿ ಆ ಶಬ್ದವು ಲಕ್ಷಣೆಯನ್ನು ಬಿಟ್ಟು ವಾಚ್ಯಕ್ಕೇ ಇಳಿದಂತಾಯಿತು.

ಸಹಯೋಗವೆಂದೊಡನೆ ಇಬ್ಬರು ಎದುರುಬದುರಾಗಿ ಕುಳಿತು ಚರ್ಚಿಸುವುದನ್ನು ಕಲ್ಪಿಸಿಕೊಂಡರೆ ತಪ್ಪಾದೀತು. ಒಬ್ಬನು ಕೆಳಗೆ ವಾದ್ಯಭಾಗವನ್ನು ಸಿದ್ಧಪಡಿಸಿ ಒಪ್ಪಿಸುವನು. ಇನ್ನೊಬ್ಬನು ಬೇರೆಡೆಯಲ್ಲಿ ಒಂಟಿಯಾಗಿ ಕುಳಿತು ಪದ್ಯ ಬರೆಯುವನು. ಮಾತು ಬಹಳ ಕಡಮೆ. ೨೦೦೨ರಲ್ಲಿ ಮ್ಯಾಡ್‌ಲಿಬನು ಬ್ರೆಜಿಲಿಗೆ ಹೋದಾಗ ಸಾವೊ ಪಾಲೊ ನಗರದ ಹೋಟೆಲಿನ ಕೋಣೆಯಲ್ಲಿ, ಒಯ್ಯಬಹುದಾದ ಗ್ರಾಮಫೋನು, ಕ್ಯಾಸೆಟ್ ಯಂತ್ರ, ‘ಎಸ್‌ಪಿ-೩೦೩’ ಎಂಬ ಚಿಕ್ಕ ಸ್ಯಾಂಪ್ಲರ್ ಇಷ್ಟನ್ನೇ ಇಟ್ಟುಕೊಂಡು ಸಂಪುಟದ ಹಲವು ವಾದ್ಯಭಾಗಗಳನ್ನು ರಚಿಸಿದನು. ‘ರೈನ್‌ಸ್ಟೋನ್ ಕೌಬಾಯ್’ ಎಂಬ ಖಂಡದಲ್ಲಿ ಬ್ರೆಜಿಲಿನ ಗಾಯಕಿ ಮರಿಯಾ ಬೆತಾನಿಯಾಳ ಹಾಡಿನ ತುಣುಕು ಕೇಳಬರುವುದು. ಇವನು ಮುಂದೆ ೨೦೦೭ರಲ್ಲಿ ಭಾರತದ ಚಲನಚಿತ್ರ ಸಂಗೀತದ ತುಣುಕುಗಳಿಂದಲೇ ‘ಬೀಟ್ ಕಂಡಕ್ಟ ಇನ್ ಇಂಡಿಯಾ’ ಎಂಬ ಸಂಪುಟವನ್ನು ಮಾಡಿದನೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.

ಈ ನಡುವೆ ಒಂದು ವಿಘ್ನ ಸಂಭವಿಸಿತು. ಪೂರ್ತಿಯಾಗದ ಕರಡುಪ್ರತಿಯು ಹೇಗೋ ಹೊರಬಿದ್ದು, ಪ್ರಕಟಣೆಗೆ ಒಂದು ವರ್ಷಕ್ಕೂ ಹಿಂದೆಯೇ ಅಂತರ್ಜಾಲದಲ್ಲಿ ಎಲ್ಲರ ಕೈಸೇರಿತು. ಇಬ್ಬರೂ ಬೇಸತ್ತು ಬೇರೆ ಕೆಲಸಗಳಿಗೆ ತೊಡಗಿದರು. ಮತ್ತೆ ಇದಕ್ಕೆ ಮರಳಿದಾಗ ಡೂಮನು ತನ್ನ ಪದ್ಯಗಳನ್ನು ಹೊಸದಾಗಿ ನುಡಿದು ಮುದ್ರಿಸಿದನು. ಮೊದಲಿನ ಪ್ರತಿಯ ಧ್ವನಿಯಲ್ಲಿ ಉತ್ಸಾಹವೂ ಏರೂ ಹೆಚ್ಚು. ಎರಡನೆಯದರಲ್ಲಿ ಸ್ವರವು ತಗ್ಗಿದೆ, ನಡೆ ನಿಧಾನವಾಗಿದೆ, ತುಸು ಆಲಸ್ಯವೇ ಇದೆಯೋ ಎನ್ನುವಂತಿದೆ. ಮೊದಲಿನದೇ ಮೇಲೆಂದು ವಾದಿಸುವ ಅಭಿಮಾನಿಗಳಿದ್ದಾರೆ. ಆದರೆ ಆಲಂಕಾರಿಕರು ‘ಕಾಕು’ವಿಗೆ ಕೊಟ್ಟ ಬೆಲೆಯನ್ನು ನೆನೆದರೆ ಎರಡನೆಯ ಪ್ರತಿಯ ಹೆಚ್ಚಳವು ವಿಶದವಾಗುವುದು. ಬಡಾಯಿಯ ಮಾತನ್ನು ಬಡಾಯಿಯ ಧ್ವನಿಯಲ್ಲಿ ನುಡಿದರೆ ಅದು ಬರಿಯ ವಾಚ್ಯ; ಅದೇ ಮಾತನ್ನು ಆಯಾಸಗೊಂಡವನ ತಣ್ಣನೆಯ ಕಂಠದಲ್ಲಿ ನುಡಿದರೆ ಹಾಸ್ಯವೂ ಅದರಡಿಯ ವಿಷಾದವೂ ಒಟ್ಟಿಗೆ ಧ್ವನಿಸುವುವು.

ಪದ್ಯರಚನೆಯ ವಿಷಯದಲ್ಲಿ ಡೂಮನ ಸಾಮರ್ಥ್ಯವು ಅಧ್ಯಾಪಕರ ಪರಿಶೀಲನೆಗೆ ಅರ್ಹವಾದುದು. ಕನ್ನಡ ಛಂದಸ್ಸಿನಲ್ಲಿ ಪ್ರಾಸದ ಸ್ಥಾನವು ಪಾದದ ಎರಡನೆಯ ಅಕ್ಷರದಲ್ಲಿ ನಿಯತವಾಗಿದೆ. ಇಂಗ್ಲಿಷಿನ ರೂಢಿಯಲ್ಲಿ ಅದು ಪಾದಾಂತ್ಯದಲ್ಲಿರುತ್ತದೆ. ಡೂಮನು ಪ್ರಾಸವನ್ನು ಒಂದು ಸ್ಥಾನಕ್ಕೆ ಕಟ್ಟಿಹಾಕದೆ ಹಲವು ಅಕ್ಷರಗಳ ಗುಂಪನ್ನೇ ಪ್ರಾಸವಾಗಿಸಿಕೊಂಡು ಪಾದದ ಮೊದಲಲ್ಲಿ, ನಡುವೆ, ತುದಿಯಲ್ಲಿ ಎಸೆಯುತ್ತ ಹೋಗುತ್ತಾನೆ. ವಾಕ್ಯವಾದರೋ ಪಾದದ ತುದಿಯಲ್ಲಿ ನಿಲ್ಲದೆ ಮುಂದಿನದಕ್ಕೆ ಹರಿಯುತ್ತದೆ. ಯತಿವಿಲಂಘನವು ಕನ್ನಡ ಕವಿಗಳಿಗೆ ಬಹು ಹಿಂದಿನಿಂದಲೂ ಸಂದ ಸ್ವಾತಂತ್ರ್ಯವಾದುದರಿಂದ ಇದರ ಸೊಗಸನ್ನು ಹಳಗನ್ನಡ ಓದಿದವರು ಕಿವಿಯಿಂದಲೇ ಹಿಡಿದಾರು. ಪಲ್ಲವಿ ಎಂಬುದು ಸಂಪುಟದ ಬಹುಪಾಲು ಖಂಡಗಳಲ್ಲಿ ಇಲ್ಲ. ಕವಿಯು ತನ್ನನ್ನು ಕುರಿತು ‘ನಾನು’ ಎನ್ನುವುದಕ್ಕಿಂತ ‘ಅವನು’, ‘ಆ ಖಳ’ ಎಂದು ಪ್ರಥಮಪುರುಷದಲ್ಲಿ ನುಡಿಯುವುದೇ ಹೆಚ್ಚು. ‘ಆಲ್ ಕ್ಯಾಪ್ಸ್’ ಹಾಡಿನ ಕೋರಿಕೆಯೂ ಅಂಥದೇ: ಆ ಮನುಷ್ಯನ ಹೆಸರನ್ನು ಬರೆಯುವಾಗ ಎಲ್ಲವನ್ನೂ ದೊಡ್ಡಕ್ಷರಗಳಲ್ಲಿ ಬರೆಯತಕ್ಕದ್ದು ಎಂಬುದಷ್ಟೇ. ದೊಡ್ಡಕ್ಷರ ಚಿಕ್ಕಕ್ಷರಗಳೆಂಬ ಭೇದವೇ ಇಲ್ಲದ ಕನ್ನಡ ಲಿಪಿಯಲ್ಲಿ ಈ ಅಪ್ಪಣೆಯನ್ನು ಪಾಲಿಸಲು ಉಪಾಯವಿಲ್ಲ.

ಈಗ ಚಿತ್ರಾವಳಿಗೆ ಬರಬಹುದು. ಅಮೆರಿಕದ ಕಾಮಿಕ್ಸ್ ಪುಸ್ತಕಗಳಲ್ಲಿ ಪಾತ್ರಗಳ ಮಾತನ್ನು ದೊಡ್ಡಕ್ಷರಗಳಲ್ಲಿಯೇ ಬರೆಯುವುದು ಸಂಪ್ರದಾಯ. ಹೀಗಿರಲು, ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆಯಿರಿ ಎನ್ನುವ ಹಾಡಿಗೆ ಕಾಮಿಕ್ಸಿನ ರೂಪವು ಹೊರಗಿನಿಂದ ತೊಡಿಸಿದ ಅಲಂಕಾರವಲ್ಲ. ಹಾಡಿನ ಒಳಗಿನಿಂದಲೇ ಹೊಮ್ಮಿದುದು. ರೈಟಾನೋ ಜೀವಂತ ನಟರನ್ನು ತೋರಿಸದೆ, ಗೆರೆಯಿಂದ ಬರೆದ ಮೊಗವಾಡದ ಖಳನನ್ನು ಚೌಕಟ್ಟಿನಿಂದ ಚೌಕಟ್ಟಿಗೆ ನಡೆಸುತ್ತಾನೆ. ಚೌಕಟ್ಟು ಒಡೆದು ಇನ್ನೊಂದು ಚೌಕಟ್ಟಾಗುವ ಕ್ರಮಕ್ಕೂ ಮ್ಯಾಡ್‌ಲಿಬನು ಮುದ್ರಿಕೆಯನ್ನು ತುಂಡರಿಸಿ ಜೋಡಿಸುವ ಕ್ರಮಕ್ಕೂ ಸಾಮ್ಯವಿದೆ. ಎರಡರಲ್ಲಿಯೂ ಬೆಸುಗೆಯನ್ನು ಮರೆಮಾಡುವ ಯತ್ನವಿಲ್ಲ. ಹಾಡಿನ ವಾದ್ಯಭಾಗವನ್ನು ತೆಗೆದುದು ‘ಐರನ್‌ಸೈಡ್’ ಎಂಬ ಹಳೆಯ ಪತ್ತೇದಾರಿ ದೂರದರ್ಶನ ಮಾಲೆಯ ಸಂಗೀತದಿಂದ. ಪತ್ತೇದಾರನಿಗಾಗಿ ನುಡಿದ ವಾದ್ಯವು ಇಲ್ಲಿ ಖಳನ ಬೆನ್ನಿಗೆ ನಿಂತಿದೆ. ಆನಂದವರ್ಧನನ ಮೂರನೆಯ ಬಗೆಯ ಸಂವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ: ಅವಯವಗಳು ಅವೇ, ಆತ್ಮ ಬೇರೆ.

ಚಿತ್ರಾವಳಿಯನ್ನು ಮಾತ್ರ ಅಷ್ಟು ಸುಲಭವಾಗಿ ಆ ವರ್ಗಕ್ಕೆ ಸೇರಿಸಲಾಗದು. ಕರ್ಬಿಯ ಕಾಲದ ಗೆರೆಯನ್ನೂ ವರ್ಣವನ್ನೂ ರೈಟಾನೋ ಎಷ್ಟು ನಿಷ್ಠೆಯಿಂದ ಅನುಕರಿಸಿದ್ದಾನೆಂದರೆ, ಅದನ್ನಷ್ಟೇ ನೋಡಿದವರು ಎರಡನೆಯ ಬಗೆಯದು, ಎಂದರೆ ಬರೆದ ಚಿತ್ರದಂತಹ ಹೋಲಿಕೆ, ಎಂದು ಬದಿಗಿಟ್ಟಾರು. ಹೊಡೆದಾಟದ ಭರದಲ್ಲಿ ಕಣ್ಣು ಕಿವಿಯನ್ನು ಮೀರಿ, ಡೂಮನ ನಡುಪ್ರಾಸಗಳು ಕೆಲವೆಡೆ ಕೇಳಿಸದೆಯೇ ಹೋಗುತ್ತವೆಂಬುದೂ ನಿಜವಾದ ದೋಷವೇ. ಆದರೂ ಈ ಅನುಕರಣಕ್ಕೆ ಆತ್ಮವನ್ನು ಕೊಡುವ ವಸ್ತುವೊಂದಿದೆ. ಅದು ಕವಿಯ ಚರಿತ್ರೆ. ೧೯೯೪ರಲ್ಲಿ ಒಂದು ಬರೆದ ಚಿತ್ರದ ದೆಸೆಯಿಂದ ಅವನ ಕೃತಿ ಬೆಳಕು ಕಾಣದೆಹೋಯಿತು. ಹತ್ತು ವರ್ಷಗಳ ತರುವಾಯ ಅವನು ಲೋಕದ ಮುಂದೆ ಬರೆದ ಚಿತ್ರವಾಗಿಯೇ ಬಂದನು. ಆಗ ನೇಣಿನಲ್ಲಿದ್ದುದು ಪರರು ಕಲ್ಪಿಸಿದ ಮುಖ. ಈಗ ಓಡಾಡುವುದು ತಾನೇ ಆಯ್ದುಕೊಂಡ ಮೊಗವಾಡ. ಮುಖವನ್ನು ತೋರಿಸಲೊಲ್ಲದ ಕವಿಯನ್ನು ಕ್ಯಾಮರಾದ ಎದುರಿಗೆ ನಿಲ್ಲಿಸಿದ್ದರೆ ಮೊಗವಾಡದ ಹಿಂದೆ ಯಾರಿದ್ದಾರೆಂಬ ಕುತೂಹಲವೇ ಉಳಿಯುತ್ತಿತ್ತು. ಗೆರೆಯ ಚಿತ್ರದಲ್ಲಿ ಮೊಗವಾಡದ ಹಿಂದೆ ಯಾರೂ ಇಲ್ಲ.

ಈ ತತ್ತ್ವವನ್ನು ಡೂಮನು ಮುಂದೆ ರಂಗದ ಮೇಲೂ ನಡೆಸಲು ಹೋಗಿ, ೨೦೦೭ರಿಂದೀಚೆಗೆ ಕೆಲವು ಕಾರ್ಯಕ್ರಮಗಳಿಗೆ ತನ್ನ ಬದಲು ಬೇರೆಯವರಿಗೆ ಮೊಗವಾಡ ತೊಡಿಸಿ ಕಳುಹಿಸಿದನು. ಹಣ ತೆತ್ತು ಬಂದವರು ಸಿಟ್ಟಾದರು. ಅವರ ಸಿಟ್ಟು ನ್ಯಾಯವಾದುದೇ. ಚಿತ್ರದಲ್ಲಿ ಸಲ್ಲುವುದು ಸಭೆಯಲ್ಲಿ ಸಲ್ಲದು. ಅವನು ೨೦೨೦ನೆಯ ಅಕ್ಟೋಬರ್ ೩೧ರಂದು ತೀರಿಕೊಂಡ ಸಂಗತಿಯನ್ನು ಮನೆಯವರು ಡಿಸೆಂಬರ್ ೩೧ರಂದು ಲೋಕಕ್ಕೆ ತಿಳಿಸಿದರು.

ಸಹಯೋಗದ ಬೆಲೆಯನ್ನು ಅಳೆಯುವುದಕ್ಕೆ ಮ್ಯಾಡ್‌ಲಿಬನೇ ಒಂದು ಸಾಧನವನ್ನು ಒದಗಿಸಿದ್ದಾನೆ. ೨೦೦೮ರಲ್ಲಿ ಅವನು ಡೂಮನ ಕಂಠವನ್ನು ಹಾಗೆಯೇ ಇಟ್ಟುಕೊಂಡು ಸಂಪುಟದ ವಾದ್ಯಭಾಗವನ್ನೆಲ್ಲ ಹೊಸದಾಗಿ ರಚಿಸಿ ಪ್ರಕಟಿಸಿದನು. ಶಬ್ದಾರ್ಥಗಳು ಒಂದಕ್ಕೊಂದು ಕಡಮೆಯಾಗದೆ ಹೆಚ್ಚೂ ಆಗದೆ ಸ್ಪರ್ಧಿಸುವ ಸ್ಥಿತಿಯೇ ‘ಸಾಹಿತ್ಯ’ವೆಂದು ಕುಂತಕನು ಹೇಳಿದನಷ್ಟೆ. ಎರಡು ಸಂಪುಟಗಳನ್ನೂ ಒಂದರ ಬಳಿಕ ಒಂದನ್ನು ಕೇಳಿದವರಿಗೆ, ಮೊದಲಿನದರಲ್ಲಿ ಕಂಠವೂ ವಾದ್ಯವೂ ಆ ಸ್ಪರ್ಧೆಯಲ್ಲಿರುವುದೂ, ಎರಡನೆಯದರಲ್ಲಿ ಅದೇ ಪದ್ಯಗಳು ಪರರ ಮನೆಯಲ್ಲಿ ತಂಗಿದ ಅತಿಥಿಗಳಂತೆ ತೋರುವುದೂ ತಿಳಿಯದೆ ಇರದು.