ಕೈರೋಸ್ ದಾಖಲೆ: ಪಕ್ಷ ವಹಿಸಿದ ನ್ಯಾಯದ ಬಲ ಮತ್ತು ಕೊರತೆ

1985ರ ಜುಲೈನಲ್ಲಿ ದಕ್ಷಿಣ ಆಫ್ರಿಕದ ಬಿಳಿಯರ ಸರ್ಕಾರ 36 ಜಿಲ್ಲೆಗಳ ಮೇಲೆ ತುರ್ತು ಪರಿಸ್ಥಿತಿ ಹೇರಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಸೊವೆಟೊದಲ್ಲಿ ಸೇರಿದ ಪಾದ್ರಿಗಳು, ದೇವಶಾಸ್ತ್ರಜ್ಞರು ಒಂದು ತೆಳು ಪುಸ್ತಿಕೆ ಹೊರತಂದರು. ಅದೇ ಕೈರೋಸ್ ದಾಖಲೆ. ಅದರ ಹಿಂದೆ ಫ್ರಾಂಕ್ ಚಿಕಾನೆ ಎಂಬ ಪಾದ್ರಿ, ಆಲ್ಬರ್ಟ್ ನೋಲನ್ ಎಂಬ ಡೊಮಿನಿಕನ್ ಸಂನ್ಯಾಸಿ ಮೊದಲಾದವರಿದ್ದರು. ಸಹಿ ಹಾಕಿದವರು 150ಕ್ಕೂ ಹೆಚ್ಚು. ಅವಸರದ ಬರಹ, ಅಲ್ಲಲ್ಲಿ ಕರಪತ್ರದ ಧಾಟಿ. ಆದರೂ ನಾಲ್ಕು ದಶಕ ಕಳೆದ ಮೇಲೆ ಓದಿದಾಗಲೂ ಅದರ ಮೊದಲ ಭಾಗದ ಬಿಸಿ ಆರಿಲ್ಲ.

ಆ ಭಾಗದ ಗುರಿ ‘ಪ್ರಭುತ್ವದ ದೇವಶಾಸ್ತ್ರ’. ಬಿಳಿಯರ ಡಚ್ ರಿಫಾರ್ಮ್ಡ್ ಚರ್ಚ್ ವರ್ಣಭೇದಕ್ಕೆ ಬೈಬಲ್ಲಿನ ಆಧಾರ ಒದಗಿಸುತ್ತ ಬಂದಿತ್ತು. 1983ರ ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರಿತ್ತು. ದೇಶದ ಬಹುಸಂಖ್ಯಾತ ಕರಿಯರಿಗೆ ಮಾತ್ರ ಅದರಡಿ ಪಾರ್ಲಿಮೆಂಟಿನಲ್ಲಿ ಜಾಗವಿರಲಿಲ್ಲ. ಆ ಪೀಠಿಕೆಯ ದೇವರು ದೇವರೇ ಅಲ್ಲ, ವಿಗ್ರಹ ಎಂದು ದಾಖಲೆ ನೇರವಾಗಿ ಹೇಳುತ್ತದೆ. ಅಧಿಕಾರಕ್ಕೆ ತಲೆಬಾಗಿ ಎಂದು ಉಪದೇಶಿಸುವವರೆಲ್ಲ ಹಿಡಿಯುವುದು ರೋಮಾಪುರದವರಿಗೆ ಪೌಲ ಬರೆದ ಪತ್ರದ 13ನೇ ಅಧ್ಯಾಯವನ್ನು. ಆ ಮಾತನ್ನು ಯಾರಿಗೆ, ಯಾವ ಸಂದರ್ಭದಲ್ಲಿ ಬರೆದದ್ದು ಎಂದು ಕೇಳಿ, ಪ್ರಭುತ್ವವೇ ಮೃಗವಾಗಿ ನಿಲ್ಲುವ ಪ್ರಕಟನೆ ಗ್ರಂಥದ 13ನೇ ಅಧ್ಯಾಯವನ್ನು ಅದರ ಎದುರಿಗಿಟ್ಟದ್ದು ಈ ದಾಖಲೆಯ ಜಾಣತನ. ಆಳುವವರ ಬೈಬಲ್ಲಿಗೆ ಬೈಬಲ್ಲಿನಿಂದಲೇ ಉತ್ತರ.

ಎರಡನೆಯ ಏಟು ಸಭ್ಯ ಚರ್ಚುಗಳಿಗೆ. ಅವು ವರ್ಣಭೇದವನ್ನು ಖಂಡಿಸುತ್ತಿದ್ದವು, ಜೊತೆಗೆ ಸಂಧಾನ, ಶಾಂತಿ, ಅಹಿಂಸೆ ಎಂದು ಎರಡೂ ಕಡೆಯವರಿಗೆ ಸಮನಾಗಿ ಬುದ್ಧಿ ಹೇಳುತ್ತಿದ್ದವು. ಪಶ್ಚಾತ್ತಾಪವಿಲ್ಲದೆ, ನ್ಯಾಯವಿಲ್ಲದೆ ಎಂಥ ಸಂಧಾನ ಎಂಬುದು ದಾಖಲೆಯ ಪ್ರಶ್ನೆ. ಒದೆಯುವವನಿಗೂ ಒದೆ ತಿನ್ನುವವನಿಗೂ ಒಂದೇ ಉಪದೇಶ ಮಾಡುವವನು ಒದೆಯುವವನ ಕಡೆಯವನೇ. ಈ ವಾದಕ್ಕೆ ನನ್ನ ತಕರಾರಿಲ್ಲ. ನನ್ನ ತಕರಾರು ಶುರುವಾಗುವುದು ದೇವರು ದಮನಿತರ ಪಕ್ಷ ಎಂದಾದ ಮೇಲೆ ದಮನಿತರ ಕೈಯಲ್ಲಿ ನಡೆಯುವ ಅನ್ಯಾಯವನ್ನು ಏನು ಮಾಡುವುದು ಎಂಬಲ್ಲಿ.

ಅದೇ 1985ರ ಜುಲೈ, ಜೋಹಾನ್ಸ್‌ಬರ್ಗ್‌ನ ಪೂರ್ವಕ್ಕಿರುವ ಡುಡುಜಾ. ಒಂದು ಶವಸಂಸ್ಕಾರ ಮುಗಿದಿತ್ತು. ಒಬ್ಬನನ್ನು ಪೊಲೀಸರ ಮಾಹಿತಿದಾರನೆಂದು ಜನ ಹಿಡಿದು, ಅವನ ಕಾರಿಗೆ ಬೆಂಕಿ ಕೊಟ್ಟು, ಅವನನ್ನೂ ಅದರೊಳಕ್ಕೆ ನೂಕಲು ಹೊರಟಿದ್ದರು. ಬಿಷಪ್ ಡೆಸ್ಮಂಡ್ ಟುಟು ಗುಂಪಿನೊಳಗೆ ನುಗ್ಗಿದರು; ಬಿಷಪ್ ಸಿಮಿಯನ್ ನ್ಕೋಆನೆ ಜೊತೆಗಿದ್ದರು. ಆತ ಬದುಕಿಕೊಂಡ. ಕೆಲವೇ ದಿನಗಳಲ್ಲಿ ಅದೇ ಡುಡುಜಾದಲ್ಲಿ ಅಂಥದೇ ಗುಮಾನಿಯ ಮೇಲೆ ಒಬ್ಬ ಯುವತಿಯನ್ನು ಕ್ಯಾಮೆರಾಗಳ ಎದುರೇ ಸುಟ್ಟು ಕೊಂದರು. ಆಕೆ ಮಾಹಿತಿದಾರಳಾಗಿರಲಿಲ್ಲ ಎಂಬುದು, ವರ್ಣಭೇದ ಕಾಲದ ದೌರ್ಜನ್ಯಗಳನ್ನು ವಿಚಾರಿಸಿದ ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಸ್ಪಷ್ಟವಾಗಲು ಹನ್ನೆರಡು ವರ್ಷ ಹಿಡಿಯಿತು.

ಟುಟು ಕೈರೋಸ್ ದಾಖಲೆಗೆ ಸಹಿ ಹಾಕಲಿಲ್ಲ. ಆ ನಿರಾಕರಣೆಗೆ ಡುಡುಜಾ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ದಾಖಲೆಯ ಪಕ್ಕದಲ್ಲಿ ಆ ಘಟನೆಯನ್ನಿಟ್ಟು ಓದದಿದ್ದರೆ ಓದು ಅರ್ಧವೇ. ಪ್ರಭುತ್ವದ ಹಿಂಸೆಯನ್ನೂ ಜನರ ಪ್ರತಿರೋಧವನ್ನೂ ಒಂದೇ ಪದದಲ್ಲಿ ಕಟ್ಟಬಾರದು ಎಂಬ ಅದರ ಮಾತು ಸರಿ. ಹಾಗೆ ಬೇರ್ಪಡಿಸಿದ ಮೇಲೆ, ಆರೋಪ ಹೊತ್ತವನ ಮಾತು ಕೇಳುವವರು ಯಾರು ಎಂಬುದಕ್ಕೆ ಮಾತ್ರ ಅಲ್ಲಿ ಜಾಗ ತೀರ ಕಮ್ಮಿ. ತೀರ್ಪು ಕೊಡುವಾಗ ದೊಡ್ಡವನ ಮುಖದಾಕ್ಷಿಣ್ಯವೂ ಬೇಡ, ಬಡವನ ಮುಖದಾಕ್ಷಿಣ್ಯವೂ ಬೇಡ ಎನ್ನುವ ಬೈಬಲ್ಲಿನ ಯಾಜಕಕಾಂಡದ ದನಿ ಆ ಪುಟಗಳಲ್ಲಿ ಕೇಳಿಸುವುದಿಲ್ಲ. ಒಂದು ಮಾತು ಬರೆದವರ ಪರವಾಗಿ: ನಂಬಬಹುದಾದ ನ್ಯಾಯಾಲಯ ಅವರ ಕಣ್ಣೆದುರು ಇರಲಿಲ್ಲ. ಕರಿಯರ ಓಡಾಟಕ್ಕೆ ಬೇಲಿ ಹಾಕಿದ್ದ ಪಾಸ್ ಕಾನೂನಿನಡಿ ಅವರನ್ನು ಸಾಲಾಗಿ ಜೈಲಿಗಟ್ಟುತ್ತಿದ್ದುದು ಸರ್ಕಾರದ ಕೋರ್ಟುಗಳೇ.

ಚಿಕಾನೆಯವರ ಬದುಕೇ ಈ ದಾಖಲೆಗೆ ಬರೆದ ಟಿಪ್ಪಣಿಯಂತಿದೆ. 1989ರಲ್ಲಿ ಸರ್ಕಾರದ ಪೊಲೀಸರೇ ಅವರ ಬಟ್ಟೆಗೆ ವಿಷ ಸವರಿ ಕೊಲ್ಲಲು ನೋಡಿದರು. ಆಗ ಕಾನೂನು ಸುವ್ಯವಸ್ಥೆಯ ಮಂತ್ರಿಯಾಗಿದ್ದವರು ಆಡ್ರಿಯಾನ್ ವ್ಲೋಕ್. 2006ರಲ್ಲಿ ಅದೇ ವ್ಲೋಕ್ ಪ್ರಿಟೋರಿಯದ ಯೂನಿಯನ್ ಬಿಲ್ಡಿಂಗ್ಸ್‌ಗೆ ಬಂದರು. ಚಿಕಾನೆ ಅಷ್ಟರಲ್ಲಿ ಅಧ್ಯಕ್ಷರ ಕಚೇರಿಯ ಮಹಾನಿರ್ದೇಶಕರು. ಬೋಗುಣಿಯಲ್ಲಿ ನೀರಿಟ್ಟು ವ್ಲೋಕ್ ಚಿಕಾನೆಯವರ ಕಾಲು ತೊಳೆದರು. ಪತ್ರಿಕೆಗಳಿಗೆ ಬೇಕಾದಷ್ಟಾಯಿತು. ಮರುವರ್ಷ ಕೋರ್ಟಿನಲ್ಲಿ ತಪ್ಪೊಪ್ಪಿಗೆ, ಸರ್ಕಾರಿ ವಕೀಲರೊಂದಿಗೆ ಒಪ್ಪಂದ, 10 ವರ್ಷದ ಅಮಾನತು ಶಿಕ್ಷೆ. ಜೈಲಿಗೆ ಹೋಗುವ ಪ್ರಮೇಯ ಬರಲಿಲ್ಲ. ಕೈರೋಸ್ ಹಾಕಿಕೊಟ್ಟ ಅಳತೆಗೋಲಿನಲ್ಲಿ ಇದು ಪಶ್ಚಾತ್ತಾಪದಲ್ಲಿ ಪಾಸು, ನ್ಯಾಯದಲ್ಲಿ ಅರ್ಧಂಬರ್ಧ.

ಬಿಳಿಯರ ಆಳ್ವಿಕೆ ಕೊನೆಗೊಂಡು ಎಎನ್‌ಸಿ ಪಕ್ಷ ಅಧಿಕಾರಕ್ಕೆ ಬಂದ 1994ರ ನಂತರ ಕಥೆ ಬೇರೆ ತಿರುವು ಪಡೆಯಿತು. ಯೇಸು ಮರಳಿ ಬರುವವರೆಗೂ ಆಳುವುದು ಎಎನ್‌ಸಿಯೇ ಎಂದು ಅದರ ನಾಯಕ ಜೇಕಬ್ ಝುಮಾ ಸಾರಿದರು. ಪ್ರಭುತ್ವದ ದೇವಶಾಸ್ತ್ರ ಬಣ್ಣ ಬದಲಿಸಿ ವಾಪಸ್ ಬಂದಿತ್ತು. ಝುಮಾ ಅಧ್ಯಕ್ಷರಾಗಿದ್ದಾಗ ಅವರಿಗೆ ಹತ್ತಿರದ ಉದ್ಯಮಿಗಳಾದ ಗುಪ್ತಾ ಕುಟುಂಬದ ಕೈಗೆ ಮಂತ್ರಿಮಂಡಲದ ಕೀಲಿ ಸಿಕ್ಕಿದೆ ಎಂಬ ಮಾತು ಹಬ್ಬಿದಾಗ ದಕ್ಷಿಣ ಆಫ್ರಿಕದ ಚರ್ಚುಗಳ ಒಕ್ಕೂಟ ಘೋಷಣೆ ಬರೆಯಲು ಕೂರಲಿಲ್ಲ. ಬಾಯಿಬಿಡಲು ಹೆದರುತ್ತಿದ್ದ ಅಧಿಕಾರಿಗಳಿಗೆ ಬಂದು ಮನಸ್ಸಿನ ಭಾರ ಇಳಿಸಿಕೊಳ್ಳಿ ಎಂದಿತು. ಪಾದ್ರಿಗಳ ಜೊತೆ ಕಾನೂನು ಬಲ್ಲವರನ್ನೂ ಕೂರಿಸಿ ಹೇಳಿಕೆ ಪಡೆಯಿತು. 2017ರ ಮೇ ತಿಂಗಳಲ್ಲಿ ಸೊವೆಟೊದ ರೆಜಿನಾ ಮುಂಡಿ ಚರ್ಚಿನಲ್ಲಿ ಒಕ್ಕೂಟದ ಪರವಾಗಿ ಬಿಷಪ್ ಮಲುಸಿ ಮ್ಪುಮ್ಲ್ವಾನಾ ಆ ಹೇಳಿಕೆಗಳ ಸಾರವನ್ನು ಜನರ ಮುಂದಿಟ್ಟರು. ಕಳ್ಳತನ ಬಿಡಿಬಿಡಿಯಾಗಿ ಅಲ್ಲ, ವ್ಯವಸ್ಥಿತವಾಗಿ ನಡೆದಿದೆ ಎಂಬುದು ಅದರ ತಿರುಳು.

ದೇವಶಾಸ್ತ್ರದ ಲೆಕ್ಕದಲ್ಲಿ ಈ ಕೆಲಸ ಕೈರೋಸ್‌ನಷ್ಟು ಎತ್ತರದ್ದಲ್ಲ, ಬರಹವಾಗಿಯಂತೂ ಸಪ್ಪೆ. ಆದರೆ ಇಲ್ಲಿ ಚರ್ಚು ಸಾಕ್ಷಿ ಕಲೆಹಾಕಿತು, ತಾನೇ ತೀರ್ಪು ಕೊಡಲಿಲ್ಲ. ಗುಟ್ಟಾಗಿ ಕೊಟ್ಟ ಹೇಳಿಕೆಗೆ ಆರೋಪಿ ಉತ್ತರ ಕೊಡಲಾಗದು ಎಂಬ ದೋಷ ಅದಕ್ಕೂ ಇತ್ತು. 2018ರಲ್ಲಿ ಇದೇ ಲೂಟಿಯ ತನಿಖೆಗೆ ನೇಮಕವಾದ ನ್ಯಾಯಮೂರ್ತಿ ರೇಮಂಡ್ ಝೊಂಡೊ ಆಯೋಗ ಬಹಿರಂಗ ವಿಚಾರಣೆ ಶುರು ಮಾಡಿದಾಗ, ಹೆಸರು ಕೇಳಿಬಂದವರಿಗೆ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಅರ್ಜಿ ಹಾಕುವ ಅವಕಾಶ ಸಿಕ್ಕಿತು. 1985ರಲ್ಲಿ ಡುಡುಜಾದ ಆ ಯುವತಿಗೆ ಅದು ಸಿಕ್ಕಿರಲಿಲ್ಲ.