ಹತ್ತನೆಯವನ ಕಥೆ

ಪ್ಯಾಟ್ರಿಕ್ ಕೋಬರ್ನ್ ಮತ್ತು ಅವರ ಮಗ ಹೆನ್ರಿ ಕೋಬರ್ನ್ ಸೇರಿ ಬರೆದ 'ಹೆನ್ರೀಸ್ ಡೀಮನ್ಸ್' 2011ರಲ್ಲಿ ಪ್ರಕಟವಾಯಿತು. ಪ್ಯಾಟ್ರಿಕ್ ಯುದ್ಧಗಳನ್ನು ವರದಿ ಮಾಡುವ ಪತ್ರಕರ್ತ. 2002ರ ಫೆಬ್ರವರಿಯಲ್ಲಿ ಅವರು ಕಾಬೂಲಿನಲ್ಲಿದ್ದಾಗ ಹೆಂಡತಿಯಿಂದ ಸುದ್ದಿ ಬರುತ್ತದೆ: ಬ್ರೈಟನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದ 20ರ ಹರೆಯದ ಮಗ ತೊಟ್ಟ ಬಟ್ಟೆಯಲ್ಲೇ ನ್ಯೂಹೇವನ್ನಿನ ಅಳಿವೆಯ ಕೊರೆಯುವ ನೀರಿಗಿಳಿದಿದ್ದಾನೆ, ಮೀನುಗಾರರು ಎಳೆದು ಉಳಿಸಿದ್ದಾರೆ. ಸ್ಕಿಜೋಫ್ರೇನಿಯಾ ಎಂದು ವೈದ್ಯರು ಹೇಳುತ್ತಾರೆ. ಆಮೇಲಿನ ವರ್ಷಗಳೆಲ್ಲ ಆಸ್ಪತ್ರೆ, ಅಲ್ಲಿಂದ ಪರಾರಿ, ಹುಡುಕಾಟ, ಮತ್ತೆ ಆಸ್ಪತ್ರೆ.

ಹೆನ್ರಿ ಹದಿವಯಸ್ಸಿನಲ್ಲೇ ಗಾಂಜಾ ಸೇದಲು ಶುರುಮಾಡಿದ್ದ. ಅಪ್ಪನ ಅಧ್ಯಾಯಗಳು ಈ ಸಂಗತಿಯ ಸುತ್ತ ಮತ್ತೆ ಮತ್ತೆ ಸುತ್ತುತ್ತವೆ. ಇದು ಸಹಜವೇ. ಇ. ಎಂ. ಫಾರ್ಸ್ಟರ್ 1927ರ ತನ್ನ 'ಆಸ್ಪೆಕ್ಟ್ಸ್ ಆಫ್ ದ ನಾವೆಲ್' ಪುಸ್ತಕದಲ್ಲಿ ಕಥೆಗೂ ಕಥಾಸಂವಿಧಾನಕ್ಕೂ ಇರುವ ವ್ಯತ್ಯಾಸವನ್ನು ಹೇಳುತ್ತಾನೆ. ಒಂದಾದ ಮೇಲೆ ಒಂದು ಘಟನೆ ನಡೆದರೆ ಅದು ಕಥೆ. ಒಂದರಿಂದಾಗಿ ಇನ್ನೊಂದು ನಡೆಯಿತು ಎಂದು ತೋರಿಸಿದರೆ ಸಂವಿಧಾನ. ಮಗ ಗಾಂಜಾ ಸೇದಿದ, ಆಮೇಲೆ ಕಾಯಿಲೆ ಬಿದ್ದ. ಈ 'ಆಮೇಲೆ' ಎಂಬುದು 'ಆದ್ದರಿಂದ' ಆಗಲು ಎಷ್ಟು ಸಾಕ್ಷ್ಯ ಬೇಕು? ಈ ಪುಸ್ತಕವನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಇದು.

ವಿಜ್ಞಾನ ಏನು ಹೇಳುತ್ತದೆಂದು ನೋಡೋಣ. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45,000 ಯುವಕರನ್ನು 15 ವರ್ಷ ಹಿಂಬಾಲಿಸಿದ ಅಧ್ಯಯನ 1987ರಲ್ಲಿ ಪ್ರಕಟವಾಯಿತು. 50ಕ್ಕಿಂತ ಹೆಚ್ಚು ಸಲ ಗಾಂಜಾ ಸೇದಿದ್ದವರಲ್ಲಿ ಸ್ಕಿಜೋಫ್ರೇನಿಯಾದ ಅಪಾಯ ಸೇದದವರಿಗಿಂತ ಆರು ಪಟ್ಟು ಇತ್ತು. ಮನೆಯ ಹಿನ್ನೆಲೆ, ಮೊದಲೇ ಇದ್ದ ಮಾನಸಿಕ ತೊಂದರೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಅದು ಕಡಿಮೆಯಾಯಿತು, ಇಲ್ಲವಾಗಲಿಲ್ಲ. ನ್ಯೂಜಿಲೆಂಡಿನ ಡನೀಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. 15ನೇ ವಯಸ್ಸಿಗೇ ಸೇದತೊಡಗಿದವರಲ್ಲಿ ಶೇ. 10ರಷ್ಟು ಮಂದಿಗೆ 26ರ ಹೊತ್ತಿಗೆ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಕಾಣಿಸಿಕೊಂಡಿತ್ತು. ಉಳಿದವರಲ್ಲಿ ಅದು ಶೇ. 3. ಆದರೆ 11ನೇ ವಯಸ್ಸಿಗೇ, ಅಂದರೆ ಸೇದುವ ಮುಂಚೆಯೇ, ಇದ್ದ ಲಕ್ಷಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಈ ವ್ಯತ್ಯಾಸ ಕಡಿಮೆಯಾಯಿತು. ಜೊತೆಗೆ ಸ್ಕಿಜೋಫ್ರೇನಿಯಾ ಸಾಮಾನ್ಯವಾಗಿ ತಲೆದೋರುವುದೂ ಹುಡುಗರು ಸೇದಲು ಕಲಿಯುವುದೂ ಹೆಚ್ಚುಕಡಿಮೆ ಒಂದೇ ಪ್ರಾಯದಲ್ಲಿ.

ಅಂದರೆ ಅಪಾಯ ನಿಜ. ಬೇಗ ಶುರುಮಾಡಿದಷ್ಟೂ, ಕಡುವಾದದ್ದನ್ನು ದಿನವೂ ಸೇದಿದಷ್ಟೂ ಹೆಚ್ಚು. ಆದರೂ ಹತ್ತರಲ್ಲಿ ಒಂಬತ್ತು ಮಂದಿಗೆ ಆ ಕಾಯಿಲೆ ಬರಲಿಲ್ಲ. ಸಾಹಿತ್ಯ ಬರೆಯುವುದು ಯಾವಾಗಲೂ ಹತ್ತನೆಯವನ ಕಥೆಯನ್ನು. ಆ ಹತ್ತನೆಯವನ ಅಪ್ಪನಿಗೆ ಒಂಬತ್ತು ಜನರ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಹಾಗೆಯೇ ಹತ್ತನೆಯವನ ಕಥೆ ಓದಿ ಒಂಬತ್ತು ಜನರ ಬಗ್ಗೆ ತೀರ್ಪು ಕೊಡುವುದೂ ಸಲ್ಲದು.

'ಹೆನ್ರೀಸ್ ಡೀಮನ್ಸ್' ಈ ಇಕ್ಕಟ್ಟನ್ನು ದಾಟುವುದು ತನ್ನ ರಚನೆಯಿಂದ. ಅಪ್ಪನ ಅಧ್ಯಾಯಗಳ ನಡುವೆ ಮಗನ ಅಧ್ಯಾಯಗಳು ಬರುತ್ತವೆ. ಹೆನ್ರಿಗೆ ಮರಗಳು ಮಾತಾಡುವುದು ಕೇಳಿಸುತ್ತದೆ, ಬರಿಗಾಲಿನಲ್ಲಿ ನಡೆಯಬೇಕೆನಿಸುತ್ತದೆ. ಅವನ ಪಾಲಿಗೆ ಇದು ಕಾಯಿಲೆಯ ಲಕ್ಷಣವಲ್ಲ, ಅರ್ಥವುಳ್ಳ ಅನುಭವ. ಅಪ್ಪ 'ಯಾಕೆ ಹೀಗಾಯಿತು' ಎಂದು ಕೇಳುತ್ತಿರುವಾಗ ಮಗ 'ಏನಾಯಿತು' ಎಂದು ಹೇಳುತ್ತಿರುತ್ತಾನೆ, ಅಷ್ಟೇ. ಅವನ ಗದ್ಯದಲ್ಲಿ ಗೋಳಿಲ್ಲ, ಪಶ್ಚಾತ್ತಾಪವೂ ಇಲ್ಲ. ಗಾಂಜಾ ಅಲ್ಲಿ ಖಳನಾಯಕನಾಗಿ ಬರುವುದಿಲ್ಲ. ಒಂದೇ ಘಟನೆ ಎರಡು ಕಡೆಯಿಂದ ಬಂದಾಗ ಅವು ಒಂದಕ್ಕೊಂದು ಹೊಂದುವುದಿಲ್ಲ; ಪುಸ್ತಕ ಅವನ್ನು ಹೊಂದಿಸುವ ಗೋಜಿಗೂ ಹೋಗುವುದಿಲ್ಲ.

ಇದರ ಬೆಲೆ ತಿಳಿಯಬೇಕಾದರೆ ಜೂಲಿ ಮೈಯರ್ಸನ್ ಅವರ 'ದ ಲಾಸ್ಟ್ ಚೈಲ್ಡ್' (2009) ಪಕ್ಕದಲ್ಲಿಟ್ಟು ಓದಬೇಕು. ಗಾಂಜಾ ಸೇದುವ ಹದಿಹರೆಯದ ಮಗನನ್ನು ಮನೆಯಿಂದ ಹೊರಹಾಕಿದ ತಾಯಿಯ ಕಥನ ಅದು. ಅದರ ಜೊತೆಗೆ 19ನೇ ಶತಮಾನದಲ್ಲಿ 21ರ ವಯಸ್ಸಿಗೇ ತೀರಿಕೊಂಡ ಮೇರಿ ಯೆಲೋಲಿ ಎಂಬ ಚಿತ್ರಕಾರ್ತಿಯ ಕಥೆಯನ್ನು ಹೆಣೆಯಲಾಗಿದೆ. ಬರವಣಿಗೆ ನುರಿತ ಕಾದಂಬರಿಕಾರ್ತಿಯದು. ತಾಯಿಯ ದುಃಖ ಸುಳ್ಳಲ್ಲ. ಆದರೆ ಪುಸ್ತಕ ಬಂದಾಗ ಆ ಮಗ ಪತ್ರಿಕೆಗಳಲ್ಲಿ ಬಹಿರಂಗವಾಗಿಯೇ ವಿರೋಧಿಸಿದ. ಬ್ರಿಟನ್ನಿನಲ್ಲಿ ದೊಡ್ಡ ವಾಗ್ವಾದವಾಯಿತು. ಅದು ಹೆಚ್ಚಾಗಿ ಬರೆಯಬಹುದೇ, ಬಾರದೇ ಎಂಬ ನೀತಿಯ ಪ್ರಶ್ನೆಯಾಗಿ ನಡೆಯಿತು. ನನಗೆ ಇದು ರೂಪದ ಪ್ರಶ್ನೆಯೂ ಹೌದು. ಬದುಕಿರುವ ಮಗನನ್ನು ತೀರಿಕೊಂಡ ಹುಡುಗಿಯ ಪಕ್ಕದಲ್ಲಿ ನಿಲ್ಲಿಸಿದ ಕೂಡಲೇ ಅವನ ಕಥೆ ಮುಗಿದಂತಾಗುತ್ತದೆ. ಅವನಿನ್ನು ಬದಲಾಗಬಹುದು, ಬೇರೆ ರೀತಿ ಹೇಳಬಹುದು ಎಂಬುದಕ್ಕೆ ಆ ರೂಪದಲ್ಲಿ ಜಾಗವಿಲ್ಲ.

ಕೋಬರ್ನ್‌ಗಳ ಪುಸ್ತಕದಲ್ಲೂ ಕೊರತೆಗಳಿವೆ. ಅಪ್ಪನ ಪುಟಗಳೇ ಹೆಚ್ಚು. ಎಲ್ಲಿ ಹೆನ್ರಿಯ ಮಾತಿಗಾಗಿ ಕಾಯುತ್ತೇವೋ ಅಲ್ಲಿ ಕೆಲವೊಮ್ಮೆ ಬ್ರಿಟನ್ನಿನ ಮಾನಸಿಕ ಆರೋಗ್ಯ ವ್ಯವಸ್ಥೆಯ ವರದಿ ಬರುತ್ತದೆ. ತಾಯಿ ಜಾನ್ ಮಾಂಟೆಫಿಯೊರೆ ಅವರ ದಿನಚರಿಯ ಭಾಗ ಇನ್ನಷ್ಟು ಇರಬೇಕಿತ್ತು. ಕಾಬೂಲು, ಬಾಗ್ದಾದುಗಳ ನಡುವೆ ಓಡಾಡಿದವರು ಅಪ್ಪ. ಆಸ್ಪತ್ರೆಯ ಬಾಗಿಲಿಗೆ ದಿನದಿನ ಅಲೆದದ್ದು ಹೆಚ್ಚಾಗಿ ಆಕೆ. ಆದರೂ ಕಾಯಿಲೆಯಾದವನಿಗೆ ತನ್ನ ಕಾಯಿಲೆಯ ಬಗ್ಗೆ ಒಪ್ಪದಿರುವ ಹಕ್ಕು ಇದೆ ಎಂದು ಪುಟಗಳ ಮೇಲೆ ತೋರಿಸಿದ್ದು ಸಣ್ಣ ಸಾಧನೆಯಲ್ಲ.

ಕನ್ನಡದಲ್ಲಿ ಗಾಂಜಾ ಎಂಬ ಶಬ್ದ ನಮಗೆ ಎದುರಾಗುವುದು ಬಹುತೇಕ ಎರಡು ಕಡೆ: ಪತ್ರಿಕೆಯ ಅಪರಾಧ ಸುದ್ದಿಯಲ್ಲಿ, ಇಲ್ಲವೇ ಸಾಧುವಿನ ಚಿಲುಮೆಯ ಸುತ್ತಲಿನ ದಂತಕಥೆಯಲ್ಲಿ. ಮೊದಲನೆಯದರಲ್ಲಿ ಹುಡುಗ ಆರೋಪಿ, ಎರಡನೆಯದರಲ್ಲಿ ಅವನು ಜ್ಞಾನಿ. ಇವೆರಡರ ನಡುವೆ ಒಂದು ಮನೆಯಿದೆ. ಅಲ್ಲಿ ಕಾಲೇಜಿಗೆ ಹೋಗುವುದನ್ನು ಬಿಟ್ಟ ಹುಡುಗ ಕೋಣೆಯ ಬಾಗಿಲು ಹಾಕಿಕೊಂಡಿದ್ದಾನೆ. ಅವನು ಏನು ಕೇಳಿಸಿಕೊಳ್ಳುತ್ತಿದ್ದಾನೆಂದು ಹೊರಗಿರುವವರಿಗೆ ಗೊತ್ತಿಲ್ಲ. 'ಮರ್ಯಾದೆ ಹೋಗುತ್ತದೆ' ಎಂಬ ಒಂದು ಮಾತಿನಲ್ಲಿ ಆ ಮನೆಯ ಕಥೆ ಅಲ್ಲೇ ಮುಗಿಯುತ್ತದೆ. ಆ ಹುಡುಗನಿಗೆ ಬೇಗ ಚಿಕಿತ್ಸೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾರಣ ಮೊದಲೇ ತೀರ್ಮಾನವಾದ ಮನೆಯಲ್ಲಿ ಅವನು ಬಾಯಿ ಬಿಡುವುದು ಕಷ್ಟ. ನಮ್ಮಲ್ಲಿ ಇಂಥ ಪುಸ್ತಕವೊಂದು ಬರುವುದಾದರೆ ಅದರ ಅರ್ಧ ಪುಟಗಳನ್ನಾದರೂ ಅವನಿಗೇ ಬಿಟ್ಟುಕೊಡಬೇಕು.